ಟ್ಯಾಂಕು ಕಟ್ಟಲು ಅನುದಾನ ಬಂತು, ನೀರು ಏರಿಸಲು ಯಾರು ಕೊಡುತ್ತಾರೆ?

ಹಳೇಪೇಟೆ ನಿವಾಸಿ — ಸೋಮವಾರ, ಬೆಳಿಗ್ಗೆ 7.10

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ ಜಿಲ್ಲೆಯ ಒಂದು ಪುರಸಭೆ ಪಟ್ಟಣ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಇದು ನಮ್ಮ ಊರೊಂದರ ಕಥೆ ಎಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಬಡಾವಣೆಯ ಪಕ್ಕದ ದಿಬ್ಬದ ಮೇಲೆ ಹೊಸ ಓವರ್‌ಹೆಡ್ ಟ್ಯಾಂಕ್ ಎದ್ದು ನಿಂತು ಮೂರು ಬೇಸಿಗೆ ಕಳೆದಿವೆ. ಬಣ್ಣ ಹೊಡೆದಿದ್ದಾರೆ, ಯೋಜನೆಯ ಹೆಸರನ್ನೂ ಅಂದಾಜು ಮೊತ್ತವನ್ನೂ ದೊಡ್ಡಕ್ಷರದಲ್ಲಿ ಬರೆಸಿದ್ದಾರೆ, ಬೀದಿಗಳನ್ನೆಲ್ಲ ಅಗೆದು ಹೊಸ ಪೈಪು ಹೂತು, ಅಗೆದ ರಸ್ತೆಯನ್ನು ಹಾಗೆಯೇ ಬಿಟ್ಟು ಹೋಗಿದ್ದಾರೆ. ನೀರು ಮಾತ್ರ ಈಗಲೂ ನಾಲ್ಕು ದಿನಕ್ಕೊಮ್ಮೆ, ಅದೂ ಹಳೆಯ ಟ್ಯಾಂಕಿನಿಂದಲೇ ಬರುತ್ತಿದೆ. ಕಚೇರಿಗೆ ಹೋಗಿ ವಿಚಾರಿಸಿದಾಗ, ಹೊಸ ಟ್ಯಾಂಕಿಗೂ ನೀರು ಏರಿಸಿದರೆ ಕರೆಂಟ್ ಬಿಲ್ಲನ್ನು ಕಟ್ಟುವ ಶಕ್ತಿ ತಮಗಿಲ್ಲವೆಂದು ಅಲ್ಲಿದ್ದವರೊಬ್ಬರು ಬಹಳ ಸಮಾಧಾನದಿಂದಲೇ ಹೇಳಿದರು.

ನನ್ನ ಪ್ರಶ್ನೆ ಇಷ್ಟೆ. ಟ್ಯಾಂಕು, ಪೈಪು, ಶುದ್ಧೀಕರಣ ಘಟಕಕ್ಕೆ ಕೋಟಿಗಟ್ಟಲೆ ಕೊಡುವ ಸರ್ಕಾರ, ಅವು ನಡೆಯಲು ಬೇಕಾದ ಹಣದ ವಿಷಯ ಬಂದಾಗ ಏಕೆ ಕೈ ತೊಳೆದುಕೊಳ್ಳುತ್ತದೆ? ಒಳಗಿನ ವ್ಯವಸ್ಥೆ ಬಲ್ಲವರು ತಿಳಿಸಬೇಕೆಂದು ವಿನಂತಿ.

ಅಂಗಡಿಬೀದಿ — ಸೋಮವಾರ, ಬೆಳಿಗ್ಗೆ 7.32

ಸಾರ್, ನಿಮಗೆ ನಾಲ್ಕು ದಿನಕ್ಕೊಮ್ಮೆ ಬರುತ್ತದೆಯಲ್ಲ, ನಮ್ಮಲ್ಲಿ ಆರು ದಿನಕ್ಕೊಮ್ಮೆ.

ನಿವೃತ್ತ ಎಇಇ — ಸೋಮವಾರ, ಬೆಳಿಗ್ಗೆ 9.05

ಎಇಇ, ಅಂದರೆ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಆಗಿ ನಿವೃತ್ತನಾದವನು ನಾನು. ಮೂವತ್ತು ವರ್ಷ ಇದೇ ಕೆಲಸದಲ್ಲಿದ್ದವನಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಬೇಕು.

ಸಣ್ಣ ಪಟ್ಟಣವೊಂದು ತನ್ನದೇ ಆದಾಯದಿಂದ ನದಿಯಿಂದ ನೀರು ತರುವ ಯೋಜನೆಯನ್ನು ಕಟ್ಟಿಕೊಂಡದ್ದನ್ನು ನನ್ನ ಸೇವಾವಧಿಯಲ್ಲಿ ನಾನು ನೋಡಿಲ್ಲ. ನದಿಯಿಂದ ನೀರೆತ್ತುವ ಜಾಕ್‌ವೆಲ್ ಬಾವಿ, ಆ ನೀರನ್ನು ಮೇಲಕ್ಕೆ ಒಯ್ಯುವ ರೈಸಿಂಗ್ ಮೇನ್ ಕೊಳವೆ, ಶುದ್ಧೀಕರಣ ಘಟಕ, ಟ್ಯಾಂಕುಗಳು, ಬೀದಿಯ ಕೊಳವೆಜಾಲ, ಇಷ್ಟೂ ಮೇಲಿನಿಂದ ಬರುವ ಹಣದಿಂದಲೇ ಆಗುತ್ತವೆ. ಕಟ್ಟುವ ಕೆಲಸವನ್ನು ಸಾಮಾನ್ಯವಾಗಿ 1973ರ ಕಾಯ್ದೆಯ ಪ್ರಕಾರ ರಚನೆಯಾದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ನಡೆಸಿ, ಮುಗಿದ ಮೇಲೆ ಪುರಸಭೆಗೆ ಹಸ್ತಾಂತರಿಸುತ್ತದೆ.

ಹಣದ ಪಾಲು ಯೋಜನೆಯಿಂದ ಯೋಜನೆಗೆ ಬೇರೆಯಾಗುತ್ತದೆ. ಸಣ್ಣ ಮತ್ತು ಮಧ್ಯಮ ಪಟ್ಟಣಗಳಿಗೆಂದು 2005ರ ಕೊನೆಯಲ್ಲಿ ಬಂದ ಕೇಂದ್ರದ ಯುಐಡಿಎಸ್‌ಎಸ್‌ಎಂಟಿ ಯೋಜನೆಯಲ್ಲಿ ಕೇಂದ್ರ ಶೇ. 80, ರಾಜ್ಯ ಶೇ. 10, ಉಳಿದ ಶೇ. 10 ಸ್ಥಳೀಯ ಸಂಸ್ಥೆಯದೆಂದು ಇತ್ತು. ನಗರಗಳ ನೀರು, ಒಳಚರಂಡಿಯಂಥ ಸೌಕರ್ಯಕ್ಕಾಗಿ ಬಂದ ಕೇಂದ್ರದ 2015ರ ಅಮೃತ್ ಯೋಜನೆ 500 ನಗರಗಳಿಗೆ, ಬಹುಮಟ್ಟಿಗೆ 1 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ, ಸೀಮಿತವಾಗಿದ್ದುದರಿಂದ ನಮ್ಮ ಸಣ್ಣ ಪುರಸಭೆಗಳು ಹೊರಗುಳಿದವು. 2021ರ ಅಕ್ಟೋಬರ್ 1ರಂದು ಆರಂಭವಾದ ಅಮೃತ್ 2.0ರಲ್ಲಿ ಎಲ್ಲ ಪಟ್ಟಣಗಳೂ ಸೇರಿದವು. ಇದರಲ್ಲಿ 1 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಕ್ಕೆ ಯೋಜನಾ ವೆಚ್ಚದ ಅರ್ಧವನ್ನು ಕೇಂದ್ರ ಕೊಡುತ್ತದೆ, 1ರಿಂದ 10 ಲಕ್ಷದವರೆಗಿನ ನಗರಕ್ಕೆ ಮೂರನೆಯ ಒಂದು ಪಾಲನ್ನು ಕೊಡುತ್ತದೆ. ಉಳಿದದ್ದು ರಾಜ್ಯದ್ದು ಮತ್ತು ಸ್ಥಳೀಯ ಸಂಸ್ಥೆಯದ್ದು. 2011ರ ಜನಗಣತಿಯಲ್ಲಿ 1.37 ಲಕ್ಷ ಜನರಿದ್ದ ಮಂಡ್ಯ ನಗರ ಎರಡನೆಯ ಸಾಲಿಗೆ ಬಂದರೆ, ಜಿಲ್ಲೆಯ ಉಳಿದ ಪಟ್ಟಣಗಳು ಮೊದಲ ಸಾಲಿನಲ್ಲಿವೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 2015ರ ಅಮೃತ್ ಮಾರ್ಗಸೂಚಿಯಲ್ಲಿಯೇ ಕನಿಷ್ಠ ಐದು ವರ್ಷದ ನಿರ್ವಹಣೆಯನ್ನು ಯೋಜನೆಯಲ್ಲಿ ಸೇರಿಸಬೇಕು, ಆದರೆ ಅದರ ಖರ್ಚನ್ನು ಅನುದಾನದ ಲೆಕ್ಕಕ್ಕೆ ಹಿಡಿಯಬಾರದು, ಬಳಕೆದಾರರ ಶುಲ್ಕದಂಥ ಆದಾಯದಿಂದ ಭರಿಸಬೇಕು ಎಂದು ಬರೆದಿದ್ದರು. ಮದುವೆ ಮಾಡಿಕೊಡುವುದು ನಮ್ಮ ಜವಾಬ್ದಾರಿ, ಸಂಸಾರ ನಿಮ್ಮದು ಎಂಬಂತೆ. ಕಾಗದದ ಮೇಲೆ ಇದರಲ್ಲಿ ತಪ್ಪಿಲ್ಲ. ಆದರೆ ಆ ಸಂಸಾರಕ್ಕೆ ಎಷ್ಟು ಬೇಕೆಂದು ಟ್ಯಾಂಕು ಕಟ್ಟುವ ಮೊದಲು ಊರಿನವರ ಮುಂದೆ ಕುಳಿತು ಯಾರೂ ಲೆಕ್ಕ ಹೇಳುವುದಿಲ್ಲ.

ನಾಲೆ ಏರಿ — ಸೋಮವಾರ, ಬೆಳಿಗ್ಗೆ 10.20

ಎಇಇ ಸಾಹೇಬರು ಸರಿಯಾಗಿಯೇ ಹೇಳಿದ್ದಾರೆ, ಆದರೆ ಬೇರಿನ ಮಾತನ್ನು ಬಿಟ್ಟಿದ್ದಾರೆ. ಜನ ನಲ್ಲಿ ಕಂದಾಯ ಕಟ್ಟುವುದಿಲ್ಲ. ನಮ್ಮ ಬೀದಿಯಲ್ಲೇ ವರ್ಷಗಟ್ಟಲೆ ಬಾಕಿ ಉಳಿಸಿಕೊಂಡ ಮನೆಗಳಿವೆ, ಅದೇ ಮನೆಗಳಲ್ಲಿ ಎರಡೆರಡು ಕಾರುಗಳೂ ಇವೆ. ಚುನಾವಣೆ ಹತ್ತಿರ ಬಂದಾಗ ಬಾಕಿ ಮನ್ನಾ ಆಗುತ್ತದೆ ಎಂಬ ಆಸೆ ಎಲ್ಲರಿಗೂ ಇದೆ. ಕಟ್ಟದವರಿಗೆ ಸರ್ಕಾರ ಏಕೆ ಕೊಡಬೇಕು?

ಕಪಿಲಾ ತೀರದವಳು — ಸೋಮವಾರ, ಬೆಳಿಗ್ಗೆ 11.02

ನಾಲೆ ಏರಿಯವರೇ, ನಿಮ್ಮ ಮಾತನ್ನು ಒಪ್ಪುವುದು ಕಷ್ಟ. ನಾನು ನಂಜನಗೂಡಿನ ಕಡೆಯವಳು. ಕಳೆದ ಬೇಸಿಗೆಯಲ್ಲಿ ಒಂದು ಟ್ಯಾಂಕರ್ ನೀರಿಗೆ ನಾವು 700 ರೂಪಾಯಿ ಕೊಟ್ಟೆವು, ತಿಂಗಳಿಗೆ ಮೂರು ಟ್ಯಾಂಕರ್ ಹಾಕಿಸಿದೆವು. ಕುಡಿಯಲು ಕ್ಯಾನ್ ನೀರು ಬೇರೆ. ಇಷ್ಟು ಹಣ ಕೊಡುವವರು ನಲ್ಲಿ ಕಂದಾಯ ಕಟ್ಟಲಾರರು ಎಂದರೆ ನಂಬುವುದು ಹೇಗೆ? ನೀರು ಬಾರದ ನಲ್ಲಿಗೆ ಕಂದಾಯ ಕೇಳಿದಾಗ ಜನ ಕಟ್ಟುವುದಿಲ್ಲ, ಅಷ್ಟೆ.

ಇನ್ನೊಂದು ವಿಷಯ. ನೀರು ಬಿಟ್ಟ ಅರ್ಧ ಗಂಟೆಯಲ್ಲಿ ನಲ್ಲಿಗೆ ನೇರವಾಗಿ ಮೋಟಾರ್ ಕೂರಿಸಿ ಎಳೆಯುವವರು ಸಂಪು ತುಂಬಿಸಿಕೊಂಡುಬಿಡುತ್ತಾರೆ, ಸಂಪಿಲ್ಲದ ಮನೆಯವರು ಬೀದಿಯ ತೊಂಬೆಯ ಮುಂದೆ ಬಿಂದಿಗೆ ಸಾಲಿಡುತ್ತಾರೆ. ಇಬ್ಬರ ಕಂದಾಯವೂ ಒಂದೇ.

ಅಂಗಡಿಬೀದಿ — ಸೋಮವಾರ, ಬೆಳಿಗ್ಗೆ 11.09

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಆ ಮೋಟಾರ್‌ಗಳನ್ನು ಮೊದಲು ಕೀಳಿಸಬೇಕು.

ನಾಲೆ ಏರಿ — ಸೋಮವಾರ, ಬೆಳಿಗ್ಗೆ 11.40

ಅಕ್ಕಾ, ನೀರು ಬರುವುದಿಲ್ಲವೆಂದು ಕಟ್ಟುವುದಿಲ್ಲ, ಕಟ್ಟುವುದಿಲ್ಲವೆಂದು ನೀರು ಬರುವುದಿಲ್ಲ. ಇದರಲ್ಲಿ ಮೊದಲು ಯಾರು ಬಗ್ಗಬೇಕು ಎಂಬುದಷ್ಟೇ ಜಗಳ. ನಾನು ಊರಿನವರು ಎನ್ನುತ್ತೇನೆ, ನೀವು ಪುರಸಭೆ ಎನ್ನುತ್ತೀರಿ.

ಮಳವಳ್ಳಿ ಸೀಮೆ — ಸೋಮವಾರ, ಮಧ್ಯಾಹ್ನ 1.15

ಇಲ್ಲಿ ಎಲ್ಲರೂ ಪುರಸಭೆಯನ್ನೂ ಕಂದಾಯವನ್ನೂ ಬೈಯುತ್ತಿದ್ದೀರಿ. ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಒಮ್ಮೆ ಬಂದು ನೋಡಿ. 1974ರಿಂದ ಕಾವೇರಿ ನೀರು ಅಲ್ಲಿಂದಲೇ ಬೆಂಗಳೂರಿಗೆ ಹೋಗುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಐದನೆಯ ಹಂತವೂ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಹೋಗುವಂತಾಯಿತು. ಸುಮಾರು 100 ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಕಡೆ ಪಂಪು ಮಾಡಿ ಏರಿಸಲು ಹಣ ಸಿಗುತ್ತದೆ, ನಮ್ಮ ಸೀಮೆಯ ಊರುಗಳಿಗೆ ಕೂಗಳತೆಯ ದೂರದಿಂದ ಏರಿಸಲು ಸಿಗುವುದಿಲ್ಲವೇ? 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) 4.75 ಟಿಎಂಸಿಯನ್ನು ಬೆಂಗಳೂರಿನ ಕುಡಿಯುವ ನೀರಿಗೆಂದೇ ಹೇಳಿತು. ನಮ್ಮ ಊರುಗಳ ಹೆಸರನ್ನು ಅಲ್ಲಿ ವಾದಿಸಿದವರು ಯಾರು?

ನಿವೃತ್ತ ಎಇಇ — ಸೋಮವಾರ, ಮಧ್ಯಾಹ್ನ 2.30

ಮಳವಳ್ಳಿಯವರೇ, ನಿಮ್ಮ ನೋವು ನ್ಯಾಯವಾದದ್ದು. ಆದರೆ ಎರಡು ವಿಷಯಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಬೆಂಗಳೂರಿಗೆ ನೀರಿನ ಪ್ರತ್ಯೇಕ ಮಂಡಳಿ ಇದೆ, ಅದಕ್ಕೆ ಮೀಟರ್ ಪ್ರಕಾರ ವಸೂಲಾಗುವ ಶುಲ್ಕವಿದೆ, ಅದನ್ನು ತೋರಿಸಿ ಜಪಾನಿನ ಜೈಕಾ ಸಂಸ್ಥೆಯಿಂದ ಐದನೆಯ ಹಂತಕ್ಕೆ ಸಾಲ ತರಲಾಯಿತು. 25 ಸಾವಿರ ಜನರ ಪುರಸಭೆಗೆ ಸಾಲ ಕೊಡುವವರು ಯಾರು? ಹಿಂದೆ ಕೇಂದ್ರದ ಸಾಲ ಸಂಸ್ಥೆಯಾದ ಹುಡ್ಕೊ ಮತ್ತು ಎಲ್ಐಸಿಯಿಂದ ನಮ್ಮ ನಗರ ನೀರು ಸರಬರಾಜು ಮಂಡಳಿಯ ಮೂಲಕ ಸಾಲ ತಂದ ಊರುಗಳಿದ್ದವು. ನಾನು ಕಂಡ ಕಡೆ ಕಂತು ಕಟ್ಟುವುದೇ ಅವುಗಳಿಗೆ ದೊಡ್ಡ ತಲೆನೋವಾಗಿತ್ತು.

ನೀರಿನ ಪಾಲಿನ ಬಗ್ಗೆ ಹೇಳುವುದಾದರೆ, ಸಣ್ಣ ಪಟ್ಟಣಕ್ಕೆ ಬೇಕಾದ ನೀರು ನದಿಯ ಲೆಕ್ಕದಲ್ಲಿ ಚಿಟಿಕೆಯಷ್ಟು. ಅದನ್ನು ಯಾರಾದರೂ ಲೆಕ್ಕ ಹಾಕಿ ತೋರಿಸಿದರೆ ಒಳ್ಳೆಯದು, ನನಗೆ ಈಗ ಕನ್ನಡಕ ಸಿಗುತ್ತಿಲ್ಲ.

ಫಿಸಿಕ್ಸ್ ಮೇಷ್ಟ್ರು — ಸೋಮವಾರ, ಸಂಜೆ 5.45

ಸಾಹೇಬರ ಕನ್ನಡಕದ ಬದಲಿಗೆ ನಾನು ಲೆಕ್ಕ ಹಾಕುತ್ತೇನೆ. ಊರಿನ ಜನಸಂಖ್ಯೆ 30,000 ಎಂದಿಟ್ಟುಕೊಳ್ಳೋಣ. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಕೇಂದ್ರದ ಕೈಪಿಡಿಯ ಮಾನದಂಡ. ಅಂದರೆ ಮನೆಗಳಿಗೆ ತಲುಪಬೇಕಾದದ್ದು ದಿನಕ್ಕೆ 40.5 ಲಕ್ಷ ಲೀಟರ್. ಶೇ. 15ರಷ್ಟು ಸೋರಿಕೆಯನ್ನು ಸೇರಿಸಿದರೆ ನದಿಯಿಂದ ಸುಮಾರು 48 ಲಕ್ಷ ಲೀಟರ್ ಎತ್ತಬೇಕು. ವರ್ಷಕ್ಕೆ ಇದು 0.06 ಟಿಎಂಸಿಗಿಂತ ಒಂದು ಕೂದಲೆಳೆ ಹೆಚ್ಚು. ಕೃಷ್ಣರಾಜಸಾಗರ ತುಂಬಿದಾಗ ಹಿಡಿಯುವುದು 49.45 ಟಿಎಂಸಿ. ಕಾವೇರಿ ನ್ಯಾಯಮಂಡಳಿಯ ಲೆಕ್ಕದಲ್ಲಿ ಕುಡಿಯುವ ನೀರಿಗೆ ಎತ್ತಿದ್ದರಲ್ಲಿ ಶೇ. 20ನ್ನು ಮಾತ್ರ ನಿಜವಾಗಿ ಬಳಸಿದ್ದೆಂದು ಹಿಡಿಯುತ್ತಾರೆ, ಉಳಿದದ್ದು ಚರಂಡಿಯ ಮೂಲಕ ಮತ್ತೆ ಹೊಳೆಗೇ ಸೇರುತ್ತದೆಂಬ ತರ್ಕದಿಂದ. ಹೀಗಾಗಿ ನಮ್ಮ ಊರುಗಳ ಬಾಯಾರಿಕೆಗೆ ಹೊಳೆಯ ಬಡತನ ಕಾರಣವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಏರಿಸುವ ಖರ್ಚು. ಒಂದು ಸಾವಿರ ಲೀಟರನ್ನು 100 ಮೀಟರ್ ಎತ್ತಲು, ಪಂಪು ಮತ್ತು ಮೋಟಾರ್ ಸೇರಿ ಶೇ. 65 ದಕ್ಷತೆಯಿಂದ ಕೆಲಸ ಮಾಡಿದರೆ, 0.42 ಯೂನಿಟ್ ಬೇಕು. 48 ಲಕ್ಷ ಲೀಟರಿಗೆ ದಿನಕ್ಕೆ ಸುಮಾರು 2,000 ಯೂನಿಟ್, ತಿಂಗಳಿಗೆ 60,000 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ 3.6 ಲಕ್ಷ ರೂಪಾಯಿ. ಊರಿನಲ್ಲಿ 7,000 ಮನೆಗಳಿದ್ದರೆ ಮನೆಗೆ ತಿಂಗಳಿಗೆ 51 ರೂಪಾಯಿ. ಕಪಿಲಾ ತೀರದ ತಾಯಿ ಒಂದು ಟ್ಯಾಂಕರ್‌ಗೆ ಕೊಟ್ಟ ಹಣದಲ್ಲಿ ಒಂದು ಮನೆಯ ವರ್ಷದ ಕರೆಂಟ್ ಖರ್ಚು ಮುಗಿದು, ಕೈಯಲ್ಲಿ ಚಿಲ್ಲರೆಯೂ ಉಳಿಯುತ್ತದೆ.

ಪಂಪ್‌ಹೌಸ್ — ಸೋಮವಾರ, ರಾತ್ರಿ 8.20

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ, ಆದರೆ ಪರೀಕ್ಷೆಯ ಹಾಳೆಯ ಮೇಲೆ ಮಾತ್ರ. ಶೇ. 15 ಸೋರಿಕೆ ಎಂಬುದು ಕೈಪಿಡಿಯ ಆಸೆ. ಮೂವತ್ತು ನಲವತ್ತು ವರ್ಷದ ಹಳೆಯ ಪೈಪುಗಳಿರುವ ಊರಿನಲ್ಲಿ ಶೇ. 40 ಸೋರುತ್ತದೆಂದು ಹಿಡಿದು ನೋಡಿ. ಅದೇ 40.5 ಲಕ್ಷ ಲೀಟರ್ ಮನೆ ತಲುಪಲು 67.5 ಲಕ್ಷ ಲೀಟರ್ ಎತ್ತಬೇಕು, ನಿಮ್ಮ 51 ರೂಪಾಯಿ 73 ಆಗುತ್ತದೆ. ರೀವೈಂಡಿಂಗ್ ಮಾಡಿಸಿ ಮಾಡಿಸಿ ಸವೆದ ಮೋಟಾರ್‌ಗಳಿಂದ ಶೇ. 65 ದಕ್ಷತೆ ಸಿಗುವುದಿಲ್ಲ. ಪಂಪು ನಿಂತಿದ್ದರೂ ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ. ನೀರು ತಿಳಿಯಾಗಿಸುವ ಆಲಂ, ಕ್ಲೋರಿನ್, ಆಪರೇಟರ್‌ಗಳ ಸಂಬಳ, ಬೇಸಿಗೆಯಲ್ಲಿ ಸುಟ್ಟುಹೋಗುವ ಪ್ಯಾನೆಲ್ ಬೋರ್ಡು, ಇವು ಯಾವುವೂ ನಿಮ್ಮ ಲೆಕ್ಕದಲ್ಲಿಲ್ಲ.

ಫಿಸಿಕ್ಸ್ ಮೇಷ್ಟ್ರು — ಸೋಮವಾರ, ರಾತ್ರಿ 8.41

ತಿದ್ದುಪಡಿಯನ್ನು ಒಪ್ಪಿದ್ದೇನೆ. ಆದರೂ ನಿಮ್ಮ ಲೆಕ್ಕವೇ ನನ್ನ ಮಾತನ್ನು ಗಟ್ಟಿ ಮಾಡುತ್ತದೆ. ಸೋರಿಕೆ ನಿಲ್ಲಿಸಿದರೆ ಪ್ರತಿ ತಿಂಗಳು ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಆದರೆ ಸೋರುವ ಪೈಪನ್ನು ದುರಸ್ತಿ ಮಾಡಿದ್ದಕ್ಕೆ ಯಾರೂ ಶಿಲಾಫಲಕ ಹಾಕಿಸುವುದಿಲ್ಲ.

ಮಾಜಿ ಸದಸ್ಯ — ಮಂಗಳವಾರ, ಬೆಳಿಗ್ಗೆ 6.50

ನಾನು ಒಂದು ಅವಧಿಗೆ ಪುರಸಭೆಯ ಸದಸ್ಯನಾಗಿದ್ದೆ. ಎಲ್ಲರೂ ಪುರಸಭೆ ಪುರಸಭೆ ಎನ್ನುತ್ತಿರುವುದರಿಂದ ನಾನೂ ನಾಲ್ಕು ಮಾತು ಬರೆಯಲೇಬೇಕು.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನೀರು ಸರಬರಾಜನ್ನು ಹನ್ನೆರಡನೆಯ ಅನುಸೂಚಿಯಲ್ಲಿಟ್ಟು, ಇದು ನಗರ ಸ್ಥಳೀಯ ಸಂಸ್ಥೆಗಳ ಕೆಲಸವೆಂದು ಹೇಳಿತು. ನಮ್ಮ ಕೈಗೆ ಬಂದದ್ದು ಕೆಲಸ ಮಾತ್ರ. ಯೋಜನೆಯ ವಿವರವಾದ ವರದಿ, ಅಂದರೆ ಡಿಪಿಆರ್, ಸಿದ್ಧವಾಗುವುದು ಬೇರೆ ಕಡೆ, ತಾಂತ್ರಿಕ ಮಂಜೂರಾತಿ ಆಗುವುದು ಇನ್ನೊಂದು ಕಡೆ, ಟೆಂಡರ್ ಕರೆಯುವುದು ಮತ್ತೊಂದು ಕಡೆ. ನಮ್ಮ ಸಭೆಯ ಮುಂದೆ ಅದು ಒಂದು ವಿಷಯವಾಗಿ, ವಿಷಯಸೂಚಿಯ ಹದಿನೇಳನೆಯದೋ ಹದಿನೆಂಟನೆಯದೋ ಆಗಿ, ಊಟದ ಹೊತ್ತಿಗೆ ಬರುತ್ತಿತ್ತು. ಒಪ್ಪಿದರೆ ಅನುದಾನ, ಇಲ್ಲದಿದ್ದರೆ ಹಣ ಬೇರೆ ಊರಿಗೆ ಹೋಗುತ್ತದೆ ಎಂದು ಹೇಳಿದಾಗ ಯಾವ ಸದಸ್ಯ ತಾನೇ ಬೇಡವೆನ್ನುತ್ತಾನೆ? ಕರೆಂಟ್ ಬಿಲ್ಲು ಎಷ್ಟಾಗುತ್ತದೆಂದು ನಾನು ಒಮ್ಮೆ ಕೇಳಿದ್ದಕ್ಕೆ, ಅದನ್ನು ಆಮೇಲೆ ನೋಡೋಣ ಎಂಬ ಉತ್ತರ ಸಿಕ್ಕಿತು.

ಸಭೆಯೇ ಇಲ್ಲದ ಕಾಲವೂ ಇರುತ್ತದೆ. 2018ರಲ್ಲಿ ಚುನಾವಣೆ ನಡೆದು ಗೆದ್ದವರು, ಅಧ್ಯಕ್ಷ ಉಪಾಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದಾಗಿ 2020ರವರೆಗೆ ಅನೇಕ ಊರುಗಳಲ್ಲಿ ಕುರ್ಚಿ ಹಿಡಿಯಲಾಗಲಿಲ್ಲ. ಆ ದಿನಗಳಲ್ಲಿ ಆಡಳಿತಾಧಿಕಾರಿ ಸಹಿ ಹಾಕಿದ ಕಾಗದಕ್ಕೆ ಊರು ಬದ್ಧವಾಗಬೇಕಾಯಿತು.

ರಾಜ್ಯ ಹಣಕಾಸು ಆಯೋಗದ ಅನುದಾನದ ಬಗ್ಗೆಯೂ ಹೇಳಬೇಕು. ಸಂಬಳಕ್ಕೆ ಒಂದು, ವಿದ್ಯುತ್ತಿಗೆ ಒಂದು, ಮುಕ್ತನಿಧಿ ಎಂದು ಒಂದು ಬರುತ್ತದೆ. ಹೆಸರಿನಲ್ಲಿ ಮುಕ್ತವಾಗಿದ್ದರೂ, ನಮಗೆ ತಲುಪುವ ಹೊತ್ತಿಗೆ ಹಳೆಯ ಬಾಕಿಗಳು ಬಾಗಿಲಲ್ಲಿ ಕಾದು ನಿಂತಿರುತ್ತಿದ್ದವು. 15ನೆಯ ಕೇಂದ್ರ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅನುದಾನದಲ್ಲಿ ಶೇ. 60ನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತು. ಅದು ಒಳ್ಳೆಯದೇ. ಆದರೆ ಆ ಹಣವೂ ಮತ್ತೆ ಬೋರ್‌ವೆಲ್, ಮೋಟಾರ್, ಹೊಸ ಲೈನ್ ಎಂದು ಕಾಮಗಾರಿಯಾಗಿಯೇ ಹೊರಡುವುದನ್ನು ಕಂಡಿದ್ದೇನೆ. ಕಾಮಗಾರಿ ಎಂದರೆ ಎಲ್ಲರಿಗೂ ಇಷ್ಟ, ಅದರ ಕಾರಣ ಬರೆಯುವುದು ಬೇಡ.

ನಾಲೆ ಏರಿ — ಮಂಗಳವಾರ, ಬೆಳಿಗ್ಗೆ 7.30

ಅಣ್ಣಾ, ಕಾರಣವನ್ನೂ ಬರೆದುಬಿಡಿ. ಆ ಅವಧಿಯಲ್ಲಿ ನೀವು ನಲ್ಲಿ ಕಂದಾಯ ಹೆಚ್ಚಿಸುವ ವಿಷಯ ಬಂದಾಗ ಕೈ ಎತ್ತಿದಿರಾ?

ಮಾಜಿ ಸದಸ್ಯ — ಮಂಗಳವಾರ, ಬೆಳಿಗ್ಗೆ 7.52

ಇಲ್ಲ. ಮುಂದೂಡೋಣ ಎಂದವರಲ್ಲಿ ನಾನೂ ಒಬ್ಬ. ಮುಚ್ಚಿಡುವುದೇಕೆ.

ಹೊಸ ಬಡಾವಣೆ, ಮೈಸೂರು — ಮಂಗಳವಾರ, ಬೆಳಿಗ್ಗೆ 9.15

ನಿಮಗೆಲ್ಲ ಕನಿಷ್ಠ ಹಳೆಯ ಪುರಸಭೆ ಇದೆ. ಮೈಸೂರಿನ ಸುತ್ತ 2020ರ ಕೊನೆಯಲ್ಲಿ ಹೂಟಗಳ್ಳಿ ನಗರಸಭೆಯಾಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಫಲಕ ಒಂದೇ ದಿನದಲ್ಲಿ ಬದಲಾಯಿತು, ಕೊಳವೆ ಬದಲಾಗಲಿಲ್ಲ. ನಾನಿರುವ ಬಡಾವಣೆಯಲ್ಲಿ ಬೋರ್‌ವೆಲ್ ಕೊರೆದವರು ಬಡಾವಣೆ ಮಾಡಿದವರು, ಬಿಲ್ಲು ಬಂದದ್ದು ಪಂಚಾಯಿತಿಗೆ, ಈಗ ಕೇಳಬೇಕಾದದ್ದು ಪಟ್ಟಣ ಪಂಚಾಯಿತಿಯನ್ನು. ಕಬಿನಿ ಮತ್ತು ಕೃಷ್ಣರಾಜಸಾಗರದ ನೀರನ್ನು ನಗರದ ಒಳಗೆ ಹಂಚಿದ ಮೇಲೆ ಹೊರವಲಯಕ್ಕೆ ಮಿಕ್ಕದ್ದು ಬರುತ್ತದೆ. ಕಾವೇರಿ ನೀರು ತರುವ ಹಳೇ ಉಂಡುವಾಡಿ ಕುಡಿಯುವ ನೀರಿನ ಯೋಜನೆ ಮುಗಿದರೆ ಸರಿಹೋಗುತ್ತದೆಂದು ಹೇಳುವುದನ್ನು ಕೇಳುತ್ತಲೇ ಬಂದಿದ್ದೇವೆ.

ಪಂಪ್‌ಹೌಸ್ — ಮಂಗಳವಾರ, ಬೆಳಿಗ್ಗೆ 10.05

ಬೋರ್‌ವೆಲ್ ಮಾತು ಬಂದದ್ದರಿಂದ ಹೇಳುತ್ತೇನೆ. ನಾಲೆಯ ನೀರು ಕಾಣದ ನಮ್ಮ ತಾಲ್ಲೂಕುಗಳಲ್ಲಿ ಕಲ್ಲಿನ ಪದರ ಸೀಳಿಕೊಂಡು ಆಳಕ್ಕೆ ಹೋದಷ್ಟೂ ಫ್ಲೋರೈಡ್ ಸಿಗುವ ಭಯ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ದಾರಿಯೇ ಇಲ್ಲದಿದ್ದರೆ 1.5 ಎಂದು ಭಾರತೀಯ ಮಾನಕ 10500 ಹೇಳುತ್ತದೆ. ಹೀಗಾಗಿ ನದಿಯ ನೀರನ್ನು ನಿಲ್ಲಿಸಿ ಬೋರ್ ನೀರಿನಲ್ಲಿ ಬಿಲ್ಲು ಉಳಿಸುವುದು ಉಳಿತಾಯವಲ್ಲ.

ವಾಲ್‌ಮ್ಯಾನ್ ಮಗ — ಮಂಗಳವಾರ, ಮಧ್ಯಾಹ್ನ 12.40

ನಮ್ಮ ಅಪ್ಪ ಇಪ್ಪತ್ತೆರಡು ವರ್ಷ ನೀರು ಬಿಡುತ್ತಿದ್ದವರು. ಊರಿನ ಯಾವ ಬೀದಿಯ ಕೆಳಗೆ ಯಾವ ಗೇಟ್‌ವಾಲ್ವ್ ಇದೆ, ಯಾವುದನ್ನು ಎಷ್ಟು ಸುತ್ತು ತಿರುಗಿಸಿದರೆ ಮೇಲಿನ ಬೀದಿಗೂ ನೀರು ಹತ್ತುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು, ನಕ್ಷೆಯಲ್ಲಿ ಇರಲಿಲ್ಲ. ಹೊಸ ಲೈನ್ ಹಾಕಲು ಬಂದ ಗುತ್ತಿಗೆದಾರರ ಕಡೆಯವರು ಅವರನ್ನು ಒಂದು ದಿನವೂ ಕೇಳಲಿಲ್ಲ. ಡಾಂಬರು ಹಾಕುವಾಗ ನಾಲ್ಕೈದು ವಾಲ್ವ್ ಚೇಂಬರ್‌ಗಳನ್ನು ಮುಚ್ಚಿಯೇಬಿಟ್ಟರು. ಈಗ ಆ ಬೀದಿಗಳಿಗೆ ನೀರು ಹಂಚುವುದು ಯಾರ ಕೈಯಲ್ಲೂ ಇಲ್ಲ, ಬಂದಷ್ಟು ಬರುತ್ತದೆ.

ಅಪ್ಪ ಹೊರಗುತ್ತಿಗೆಯವರಾಗಿದ್ದರು. ಕೊನೆಯ ವರ್ಷ ಐದು ತಿಂಗಳ ಸಂಬಳ ಒಟ್ಟಿಗೆ ಬಂತು. ಕೋಟಿ ರೂಪಾಯಿಯ ಟ್ಯಾಂಕಿನ ಬೀಗದ ಕೈ ಅವರ ಸೊಂಟದಲ್ಲಿತ್ತು, ದಿನಸಿ ಅಂಗಡಿಯಲ್ಲಿ ಸಾಲದ ಪುಸ್ತಕವೂ ಇತ್ತು.

ಕಪಿಲಾ ತೀರದವಳು — ಮಂಗಳವಾರ, ಮಧ್ಯಾಹ್ನ 1.05

ತಮ್ಮಾ, ಇಡೀ ಚರ್ಚೆಯಲ್ಲಿ ಯಾರಿಗೂ ಹೊಳೆಯದೆ ಇದ್ದದ್ದನ್ನು ನೀನು ಬರೆದೆ.

ನಿವೃತ್ತ ಎಇಇ — ಮಂಗಳವಾರ, ಮಧ್ಯಾಹ್ನ 3.20

ವಾಲ್‌ಮ್ಯಾನ್ ಅವರ ಮಗ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ನಾವು ಸರ್ವೆ ಮಾಡುವಾಗ ಅಂಥವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆವು ಎಂದು ಹೇಳಿಕೊಳ್ಳಲು ಆಸೆ, ಆದರೆ ಎಲ್ಲ ಸಲವೂ ಹಾಗೆ ಮಾಡಲಿಲ್ಲ.

ನಿರ್ವಹಣೆಗೆ ರಾಜ್ಯ ನೇರವಾಗಿ ಹಣ ಕೊಡಬೇಕೇ ಎಂಬ ಮೂಲ ಪ್ರಶ್ನೆಗೆ ನನ್ನ ಅಭಿಪ್ರಾಯ ಹೀಗಿದೆ. ಪೂರ್ತಿ ಕೊಡಬಾರದು, ಕೊಟ್ಟರೆ ಸೋರಿಕೆ ನಿಲ್ಲಿಸುವ ಚಿಂತೆ ಯಾರಿಗೂ ಉಳಿಯುವುದಿಲ್ಲ. ಆದರೆ ಹೊಸ ವ್ಯವಸ್ಥೆ ನೆಲೆ ನಿಲ್ಲುವ ಮೊದಲ ಮೂರು ನಾಲ್ಕು ವರ್ಷ, ವರ್ಷವರ್ಷಕ್ಕೂ ಇಳಿಯುವ ಹಾಗೆ ಕೊಡಬೇಕು. ಅಷ್ಟರೊಳಗೆ ಪುರಸಭೆ ಮೀಟರ್ ಹಾಕಿ, ಅನಧಿಕೃತ ಸಂಪರ್ಕಗಳನ್ನು ಸಕ್ರಮ ಮಾಡಿ, ಜನರಿಗೆ ದಿನವೂ ನೀರು ತೋರಿಸಿ, ಆಮೇಲೆ ದರ ಕೇಳಬೇಕು. ನಿನ್ನೆ ನಾಲೆ ಏರಿಯವರು ಮೊದಲು ಯಾರು ಬಗ್ಗಬೇಕೆಂದು ಕೇಳಿದ್ದರು. ನೀರು ಕೊಡುವವರೇ ಬಗ್ಗಬೇಕು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರಲ್ಲಿ ಇಪ್ಪತ್ತನಾಲ್ಕು ಗಂಟೆ ನೀರು ಕೊಟ್ಟು ಮೀಟರ್ ಪ್ರಕಾರ ಬಿಲ್ಲು ಮಾಡಲು ಸಾಧ್ಯವಾಯಿತು. ಅದಕ್ಕೆ ವಿಶ್ವಬ್ಯಾಂಕಿನ ಹಣವೂ ಬಿಗಿಯಾದ ಮೇಲ್ವಿಚಾರಣೆಯೂ ಇತ್ತು ಎಂಬುದನ್ನು ಮರೆಯಬಾರದು, ನಮ್ಮ ಪುರಸಭೆಗಳಿಗೆ ಎರಡೂ ಇಲ್ಲ.

ಮಳವಳ್ಳಿ ಸೀಮೆ — ಮಂಗಳವಾರ, ಸಂಜೆ 4.10

ಸಾಹೇಬರು ಹೇಳಿದ ಹಾಗೆ ಇಳಿಯುವ ಅನುದಾನ ಕೊಡುವುದಾದರೆ, ನೀರು ಹೊರಗೆ ಕಳಿಸುವ ತಾಲ್ಲೂಕುಗಳಿಗೆ ಇಳಿಸದೆ ಕೊಡಲಿ. ಇದನ್ನು ನಾನು ಬಿಡುವುದಿಲ್ಲ.

ಹಳೇಪೇಟೆ ನಿವಾಸಿ — ಮಂಗಳವಾರ, ರಾತ್ರಿ 9.30

ಇಷ್ಟೊಂದು ತಿಳಿವಳಿಕೆ ಸಿಗುತ್ತದೆಂದು ನಾನು ಎಣಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ನಾಳೆ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಿದ್ದೇನೆ. ಡಿಪಿಆರ್‌ನಲ್ಲಿ ವಾರ್ಷಿಕ ವಿದ್ಯುತ್ ಮತ್ತು ನಿರ್ವಹಣಾ ವೆಚ್ಚವನ್ನು ಎಷ್ಟೆಂದು ತೋರಿಸಿದ್ದಾರೆ, ಅದನ್ನು ಯಾವ ಆದಾಯದಿಂದ ಭರಿಸುವುದಾಗಿ ಬರೆದಿದ್ದಾರೆ, ಗುತ್ತಿಗೆದಾರರ ಐದು ವರ್ಷದ ನಿರ್ವಹಣೆಯ ಷರತ್ತು ಇದೆಯೇ, ಇದ್ದರೆ ಎಂದಿನಿಂದ ಎಂದಿನವರೆಗೆ, ಹೊಸ ಟ್ಯಾಂಕು ಪುರಸಭೆಗೆ ಹಸ್ತಾಂತರವಾಗಿದೆಯೇ, ಆಗಿದ್ದರೆ ಆ ಪತ್ರಕ್ಕೆ ಸಹಿ ಹಾಕಿದ ದಿನಾಂಕ ಯಾವುದು, ಮುಚ್ಚಿಹೋದ ವಾಲ್ವ್ ಚೇಂಬರ್‌ಗಳ ಪಟ್ಟಿ ಇದೆಯೇ, ಇಷ್ಟನ್ನೂ ಹಿನ್ನೆಲೆ ಸಮೇತ ಕೇಳಬೇಕೆಂದಿದ್ದೇನೆ. ಬೇರೆ ಏನಾದರೂ ಸೇರಿಸಬೇಕೇ?

ಮಾಜಿ ಸದಸ್ಯ — ಮಂಗಳವಾರ, ರಾತ್ರಿ 9.48

ಸೇರಿಸಬೇಡಿ, ಕಡಿಮೆ ಮಾಡಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಹಿನ್ನೆಲೆಯನ್ನು ಬಿಡಿ, ಹಸ್ತಾಂತರ ಪತ್ರದ ಪ್ರತಿಯನ್ನು ಮೊದಲು ಕೇಳಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ವಾಲ್ವ್‌ಗಳ ವಿಷಯಕ್ಕೆ ಬೇರೆ ಅರ್ಜಿ ಹಾಕಿ.

ವಾಲ್‌ಮ್ಯಾನ್ ಮಗ — ಮಂಗಳವಾರ, ರಾತ್ರಿ 10.02

ವಾಲ್ವ್‌ಗಳಿಗೆ ಅರ್ಜಿ ಬೇಡ ಸಾರ್. ನಮ್ಮೂರೂ ನಿಮ್ಮೂರೂ ಒಂದೇ ಎಂದು ಆ ದಿಬ್ಬದ ಮಾತಿನಿಂದಲೇ ಗೊತ್ತಾಯಿತು. ಭಾನುವಾರ ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು ಬರುತ್ತೇನೆ, ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಡುತ್ತಾರೆ.